ಅಳುವ ಬಂಡೆ ಸುಮ್ಮನಾದಾಗ

ಮಕ್ಕಳೇ, ಒಂದು ಕಾಡಿನ ನಡುವೆ ಎತ್ತರದ ಬಂಡೆಯೊಂದಿತ್ತು. ಅದರ ಬಿರುಕಿಗೆ ಗಾಳಿ ನುಗ್ಗಿದರೆ, ಒಳಗೆ ಯಾರೋ ಕೂತು ಅತ್ತಂತೆ ಕೇಳುತ್ತಿತ್ತು. ನರಿಗಳೂ ಆ ಕಡೆ ಸುಳಿಯುತ್ತಿರಲಿಲ್ಲ. ಅಂಥ ಕಡೆ ಯಾರು ಮನೆ ಮಾಡುತ್ತಾರೆ ಅನ್ನುತ್ತೀರಾ? ರಣಹದ್ದುಗಳು ಮಾಡಿದ್ದವು.

ರಣಹದ್ದುಗಳು ರೆಕ್ಕೆ ಬಡಿಯುವುದು ಕಡಿಮೆ, ತೇಲುವುದೇ ಹೆಚ್ಚು. ಆದ್ದರಿಂದ ಬಿರುಗಾಳಿಯ ದಿನಗಳಿಗೆ ಅವು ಒಂದು ಕಟ್ಟಳೆ ಮಾಡಿಕೊಂಡಿದ್ದವು. ಬಂಡೆ ಅಳುತ್ತಿದ್ದರೆ ಗಾಳಿಗೆ ಎದೆಯೊಡ್ಡಿ ಇಳಿಯಬಹುದು. ಅಳು ಥಟ್ಟನೆ ನಿಂತರೆ ಗಾಳಿ ದಿಕ್ಕು ಬದಲಿಸುತ್ತಿದೆ ಎಂದರ್ಥ. ಆಗ ಮತ್ತೆ ಮೇಲೇರಿ ಇನ್ನೊಂದು ಸುತ್ತು ಹಾಕಬೇಕು.

ಕೆಂಚನೆಂಬ ಎಳೆಯ ರಣಹದ್ದಿಗೆ ಹೀಗೆ ಸುತ್ತು ಹಾಕುವುದೆಂದರೆ ತಲೆ ಎತ್ತಲಾಗದಷ್ಟು ನಾಚಿಕೆ. ಹಿಂದೊಮ್ಮೆ ಇಳಿಯದೆ ತಿರುಗಿ ಹೋದಾಗ, ಆ ದಾರಿಯಲ್ಲಿ ಹಾರುತ್ತಿದ್ದ ಕಾಗೆಗಳು ಅವನನ್ನು ಪುಕ್ಕಲನೆಂದು ಆಡಿಕೊಂಡಿದ್ದವು. ಕಾಗೆಗಳ ಬಾಯಿಗೆ ಬೀಗ ಹಾಕುವವರು ಯಾರು? ಕೆಂಚ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟ.

ಆಷಾಢದ ಒಂದು ಸಂಜೆ ಅವನು ಹೊಟ್ಟೆ ತುಂಬ ತಿಂದು ಮರಳಿದ. ಇಳಿಯಲು ಕಾಲು ಚಾಚಿದ್ದೇ ತಡ, ಬಂಡೆಯ ಅಳು ನಿಂತಿತು. ಒಂದು ಎಲೆಯೂ ಅಲ್ಲಾಡಲಿಲ್ಲ. ಬಂಡೆಯ ಮೇಲಿದ್ದ ರಣಹದ್ದುಗಳೆಲ್ಲ ಅವನನ್ನೇ ನೋಡಿದವು.

"ಮೇಲೇರು ಮಗೂ, ಇನ್ನೊಂದು ಸುತ್ತು ಹಾಕಿ ಬಾ," ಎಂದಳು ಬಳಗಕ್ಕೆ ಹಿರಿಯಳಾದ ಬೋಳಜ್ಜಿ.

"ಗಾಳಿಯೇ ಇಲ್ಲವಲ್ಲ ಅಜ್ಜಿ. ಕಾಗೆಗಳು ನೋಡುತ್ತಿರುತ್ತವೆ," ಎಂದ ಕೆಂಚ.

ಗಾಳಿ ಅವನ ಬೆನ್ನ ಹಿಂದಿನಿಂದ ಬಂತು. ಅವನನ್ನು ಬಂಡೆಗೆ ಅಪ್ಪಳಿಸಿ ಕೆಳಗೆ ಬಿಸಾಡಿತು. ಬಂಡೆ ಮತ್ತೆ ಅಳತೊಡಗಿತು.

ಪಾಪ, ರೆಕ್ಕೆ ಮುರಿದ ಕೆಂಚನಿಗೆ ಏಳಲಾಗಲಿಲ್ಲ. ಕಾಗೆಗಳು ಆಗಲೇ ಗೂಡು ಸೇರಿದ್ದವು. ಅವನು ಬಿದ್ದದ್ದನ್ನು ಒಂದೂ ನೋಡಿರಲಿಲ್ಲ.

ಅಷ್ಟರಲ್ಲಿ ಅವನ ಬಳಗದವರು ಒಬ್ಬೊಬ್ಬರಾಗಿ ಇಳಿದು ಬಂದರು. ಕೆಂಚನಿಗೆ ಹೋದ ಜೀವ ಬಂದಂತಾಯಿತು. ಅವರು ಅವನ ಸುತ್ತಲೂ ಕೂತರು. ರೆಕ್ಕೆ ಮಡಚಿ ಕಾಯತೊಡಗಿದರು. ರಣಹದ್ದುಗಳು ಹೀಗೆ ಸುತ್ತ ಕೂತು ಕಾಯುವುದು ಯಾವಾಗ ಎಂದು ಅವನಿಗೆ ಗೊತ್ತಿತ್ತು. ಎಷ್ಟೋ ಸಲ ಅವನೂ ಹಾಗೆ ಕೂತಿದ್ದ. ಈಗ ಅವನಿಗೆ ಭಯವಾಯಿತು.

"ಅಜ್ಜಿ, ನನ್ನನ್ನು ನೋಡಿಕೊಳ್ಳಲು ಬಂದಿರಾ?" ಎಂದು ಕೇಳಿದ.

ಬೋಳಜ್ಜಿಯ ಕಣ್ಣು ತುಂಬಿತ್ತು. ಕೊಕ್ಕಿನಿಂದ ಅವನ ತಲೆ ನೇವರಿಸಿದಳು.

"ಹೆದರಬೇಡ ಮಗೂ," ಎಂದಳು. "ನಮಗೇನೂ ಅವಸರವಿಲ್ಲ."

ನೀತಿ: ಆಡಿಕೊಳ್ಳುವವರಿಗೆ ಅಂಜಿ ಅವಸರಪಡಬೇಡಿ, ತಾಳಿದವನು ಬಾಳಿಯಾನು.