ಊದುಗೊಳವೆಯ ಪೆಟ್ಟು

ಹೊಳೆದಂಡೆಯ ಮಠದಲ್ಲಿ ಶಾಂತವೀರಯ್ಯ ಎಂಬ ಗುರುಗಳಿದ್ದರು. ಹೆಸರಿನಲ್ಲಿದ್ದ ಶಾಂತಿ ಹೆಸರಿನಲ್ಲೇ ಉಳಿದಿತ್ತು. ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲಿ.

ಆದರೂ ಆಚೆ ದಂಡೆಯ ನಾಡಗೌಡರು, ಬಗೆಹರಿಯದ ವ್ಯಾಜ್ಯ ಬಂದಾಗಲೆಲ್ಲ ಈ ಮಠಕ್ಕೇ ಹೇಳಿಕಳಿಸುತ್ತಿದ್ದರು. ಶಿಷ್ಯನೊಬ್ಬ ಹೋಗಿ ಎಲ್ಲ ನೋಡಿ, ಕೇಳಿ ಬರಬೇಕು. ಬಂದು ಗುರುಗಳಿಗೆ ಒಪ್ಪಿಸಬೇಕು. ಆಮೇಲೆ ಚಾವಡಿಯಲ್ಲಿ ನಿಂತು ಮಠದ ಮಾತು ಹೇಳಬೇಕು. ಆ ಮಾತನ್ನು ನಾಡಗೌಡರು ಮೀರಿದ್ದಿಲ್ಲ.

ಈ ಸಲ ಹೋದವನು ಉಳವಯ್ಯ. ಹುಡುಗ ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ.

ಮಠದಲ್ಲಿ ಪಾಠವೆಲ್ಲ ಬಾಯಿಪಾಠ. ಒಂದಕ್ಷರ ಎಡವಿದರೂ ಗುರುಗಳು ಮೊದಲಿಂದ ಹೇಳಿಸುತ್ತಿದ್ದರು. ಉಳವಯ್ಯ ಎಡವಿದವನೇ ಅಲ್ಲ.

ವ್ಯಾಜ್ಯ ಇಷ್ಟು. ಗಾಣದ ಬರಮಪ್ಪ ವಾರದ ಹಿಂದೆ ತನ್ನ ಮನೆಯ ಅಡುಗೆಕೋಣೆಯಲ್ಲಿ ಸತ್ತುಬಿದ್ದಿದ್ದ. ಒಲೆ ಊದುವ ಕಬ್ಬಿಣದ ಕೊಳವೆಯಿಂದ ಹೊಡೆದವಳು ಅವನ ಹೆಂಡತಿ ನೀಲವ್ವ. ಹೊಡೆದದ್ದನ್ನು ಅವಳೇ ಒಪ್ಪಿದ್ದಳು. "ನನ್ನ ಜೀವ ತೆಗೆಯೋಕೆ ಬಂದ, ಹೊಡೆದೆ" ಅನ್ನುತ್ತಿದ್ದಳು. ಬರಮಪ್ಪನ ತಮ್ಮ ಕೊಟ್ರಪ್ಪ, "ಬೇಕಂತಲೇ ಕೊಂದಳು, ಕಣ್ಣಾರೆ ನೋಡಿದೆ" ಅನ್ನುತ್ತಿದ್ದ.

ಅವಳ ಮಾತು ನಿಜವಾದರೆ ಮನೆಗೆ ಹೋಗುತ್ತಾಳೆ. ಅವನದು ನಿಜವಾದರೆ ನೇಣಿಗೆ. ಚಾವಡಿ ಸೇರುವುದು ನಾಳೆ.

ಉಳವಯ್ಯ ಬಂದಾಗ ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಕೊಲೆಯೇ ಬುದ್ಧಿ. ಅನುಮಾನವೇ ಇಲ್ಲ" ಎಂದ.

"ಅನುಮಾನವೇ ಇಲ್ಲವೋ? ಭಲೆ. ಹೇಳು, ಕೇಳೋಣ."

"ಹೂಳುವ ಮೊದಲು ಹೆಣ ನೋಡಿದ್ದೆ. ವೈದ್ಯರು ಜೊತೆಗಿದ್ದರು. ಮೂರು ಗಾಯ. ಮೂರೂ ತಲೆಯ ಹಿಂಬದಿ, ಕಿವಿಯ ಹಿಂದೆ. ಮೈಮೇಲೆ ಬರುವವನ ಮುಖ ನಮ್ಮ ಕಡೆ ಇರುತ್ತದಲ್ಲ ಬುದ್ಧಿ? ಪೆಟ್ಟು ಹಿಂದೆ ಬಿದ್ದಿದೆ ಅಂದರೆ ಅವನು ಬೆನ್ನು ತಿರುಗಿಸಿದ್ದ."

"ಹೂಂ."

"ಜೀವ ಉಳಿಸಿಕೊಳ್ಳೋಕೆ ಒಂದು ಪೆಟ್ಟು ಸಾಕು. ಮೂರು ಹೊಡೆದಿದ್ದಾಳೆ, ಅದು ಸಿಟ್ಟು. ಕೇಳಿದರೆ ಒಂದೇ ಹೊಡೆದೆ ಅಂತಾಳೆ. ಸುಳ್ಳು ಬೇರೆ."

"ಹೂಂ."

"ಮಾತೂ ನಿಲ್ಲುವುದಿಲ್ಲ ಅವಳದು. ಒಂದು ಸಲ ಕುತ್ತಿಗೆ ಹಿಡಿದ ಅಂತಾಳೆ, ಇನ್ನೊಂದು ಸಲ ಕೂದಲು ಹಿಡಿದ ಅಂತಾಳೆ. ಒಮ್ಮೆ ಒಲೆ ಉರೀತಿತ್ತು, ಒಮ್ಮೆ ಇನ್ನೂ ಹಚ್ಚಿರಲಿಲ್ಲ. ಆ ಕೊಟ್ರಪ್ಪನನ್ನು ನೋಡಬೇಕು ಬುದ್ಧಿ! ಯಾರು ಕೇಳಲಿ, ಯಾವಾಗ ಕೇಳಲಿ, ಒಂದಕ್ಷರ ಆಚೀಚೆ ಇಲ್ಲ. ನಮ್ಮ ಪಾಠದ ಹಾಗೆ!"

ಗುರುಗಳ ಕೈ ನಿಂತಿತು. "ನಮ್ಮ ಪಾಠದ ಹಾಗೆ" ಎಂದರು.

"ಹೌದು ಬುದ್ಧಿ" ಎಂದ ಉಳವಯ್ಯ, ಹೆಮ್ಮೆಯಿಂದ.

ಗುರುಗಳು ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಕರ್ಮವೇ! ಇಷ್ಟು ವರ್ಷ ನಿನಗೆ ಕಲಿಸಿ ಕಲಿಸಿ ನನ್ನ ಗಂಟಲು ಒಣಗಿದ್ದು ಇದಕ್ಕಾ? ಏಳು ಮೇಲೆ. ಅಡುಗೆಮನೆಗೆ ನಡಿ!"

ಉಳವಯ್ಯನಿಗೂ ಉರಿಯಿತು. ಇಷ್ಟು ಕರಾರುವಾಕ್ಕಾಗಿ ಒಪ್ಪಿಸಿದರೂ ಶಹಭಾಸ್ ಇಲ್ಲ, ಬೈಗುಳ. ಈ ಮುದುಕರನ್ನು ಮೆಚ್ಚಿಸುವುದು ಯಾರಪ್ಪನಿಂದಲೂ ಸಾಧ್ಯವಿಲ್ಲ ಅಂದುಕೊಂಡು ಹಿಂದೆ ಹೋದ.

ಮಠದ ಅಡುಗೆಯವನು ಗೂಳಪ್ಪ. ಆಳು ಹೆಸರಿಗೆ ತಕ್ಕ ಹಾಗೇ ಇದ್ದ, ತಲೆ ನುಣ್ಣಗೆ ಬೋಳಿಸಿದ್ದ. ಗುರುಗಳು ಅವನ ಕಿವಿಯಲ್ಲಿ ಏನೋ ಹೇಳಿದರು. ಒಂದು ಕೋಲಿಗೆ ದಪ್ಪವಾಗಿ ಬಟ್ಟೆ ಸುತ್ತಿ, ಬಾಣಲೆ ತಳದ ಮಸಿ ಬಳಿದು, ಉಳವಯ್ಯನ ಕೈಗೆ ಕೊಟ್ಟರು.

"ಕೂತುಕೋ. ಒಲೆ ಊದು."

"ಇದರಲ್ಲಾ? ಇದು ಕೊಳವೆ ಅಲ್ಲವಲ್ಲ ಬುದ್ಧಿ."

"ಬಾಯಿಂದ ಊದೋ! ಎಲ್ಲಕ್ಕೂ ಒಂದು ಮಾತು."

ಉಳವಯ್ಯ ಮುಖ ಸಿಂಡರಿಸಿಕೊಂಡು ಬಗ್ಗಿ ಊದಿದ. ಬೂದಿ ಹಾರಿ ಕಣ್ಣಿಗೆ ಬಿತ್ತು.

ಅಷ್ಟರಲ್ಲಿ ಕೂದಲಿಗೆ ಕೈ ಬಿತ್ತು. ಮೇಲೆ ಎಳೆದದ್ದೂ, ಅಂಗಾತ ನೆಲಕ್ಕೆ ಕೆಡವಿದ್ದೂ ಒಟ್ಟಿಗೇ ಆಯಿತು. ಎದೆಯ ಮೇಲೆ ಮೊಣಕಾಲು ಬಂತು, ಗಂಟಲ ಮೇಲೆ ತೋಳು ಬಂತು. ಗೂಳಪ್ಪನ ಇಡೀ ಭಾರ ಬಗ್ಗಿ ಅವನ ಮೇಲೆ ಬಿದ್ದಿತ್ತು, ಅವನ ಗಲ್ಲ ಇವನ ಕೆನ್ನೆಗೆ ಒತ್ತಿತ್ತು. ಉಸಿರಿಲ್ಲ. ಕೂಗೋಣವೆಂದರೆ ದನಿಯಿಲ್ಲ.

"ಸಾಕು ಗೂಳಪ್ಪ" ಎಂದರು ಗುರುಗಳು.

ಉಳವಯ್ಯ ಕೆಮ್ಮಿದ. ಗೋಡೆಗೆ ಒರಗಿ ಕೂತು ಮತ್ತೆ ಕೆಮ್ಮಿದ. ಗುರುಗಳಿಗೆ ತಲೆ ಕೆಟ್ಟಿದೆ ಎಂದು ಅವನಿಗೆ ಖಾತ್ರಿಯಾಗಿತ್ತು.

"ಬಾಗಿಲು ತೆರೆದೇ ಇತ್ತಲ್ಲ, ಯಾಕೆ ಓಡಿಹೋಗಲಿಲ್ಲ?"

"ಓಡೋದಾ? ಹೇಗೆ ಓಡಲಿ? ನೀವೇ ನೋಡಿದಿರಲ್ಲ!"

"ಮೊದಲು ಏನು ಹಿಡಿದ? ಕುತ್ತಿಗೆಯೋ ಕೂದಲೋ?"

"ಕುತ್ತಿಗೆ. ಅಲ್ಲ... ಕೂದಲು. ಕೂದಲು ಇರಬೇಕು ಬುದ್ಧಿ."

"ಇರಬೇಕು! ಎಷ್ಟು ಸಲ ಹೊಡೆದೆ?"

"ಒಂದೇ ಸಲ. ಅದೂ ಹೊಡೆದೆನೋ ಇಲ್ಲವೋ."

"ಗೂಳಪ್ಪ, ತಿರುಗಪ್ಪಾ."

ಗೂಳಪ್ಪ ತಿರುಗಿ ತಲೆ ಬಗ್ಗಿಸಿದ. ಬೋಳುತಲೆಯ ಹಿಂಬದಿಯಲ್ಲಿ, ಕಿವಿಯ ಹಿಂದೆ, ನಾಲ್ಕು ಮಸಿಯ ಗುರುತು. ಒಂದರ ಪಕ್ಕ ಒಂದು.

"ನೀಲವ್ವನಿಗಿಂತ ಒಂದು ಹೆಚ್ಚೇ ಕೊಟ್ಟಿದ್ದೀಯಾ" ಎಂದರು ಗುರುಗಳು. "ಅದೂ ಯಾರಿಗೆ? ದಿನಾ ನಿನ್ನ ತಟ್ಟೆಗೆ ಮುದ್ದೆ ಹಾಕುವವನಿಗೆ. ಅವನು ಬೆನ್ನು ತಿರುಗಿಸಿದ್ದನೇನೋ?"

ಉಳವಯ್ಯ ಪೆಚ್ಚಾಗಿ ಆ ಗುರುತುಗಳನ್ನೇ ನೋಡಿದ. ಆಮೇಲೆ ಎದ್ದವನೇ ಗುರುಗಳ ಕಾಲಿಗೆ ಬಿದ್ದ.

"ತಪ್ಪಾಯಿತು ಬುದ್ಧಿ! ಅವಳು ನಿರಪರಾಧಿ. ಈಗಲೇ ಹೋಗಿ ಹೇಳಿಬಿಡುತ್ತೇನೆ!"

ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು. "ಸಾಕಪ್ಪಾ ಸಾಕು! ನಿನ್ನ ಸಹವಾಸವೇ ಸಾಕು! ಬೆಳಗ್ಗೆ ನೇಣಿಗೆ ಹಾಕಿದೆ, ಬಿಸಿಲು ಏರುವಷ್ಟರಲ್ಲಿ ಬಿಡಿಸಿದೆ. ಅವಳೇನು ನಿನ್ನ ಕೈಯ ಬುಗುರಿಯೇನೋ?"

"ಮತ್ತೆ ಈ ಮಸಿ?"

"ಮಸಿ ಏನು ಹೇಳಿತು? ಹೀಗೂ ಆಗಿರಬಹುದು ಅಂದಿತು. ಹೀಗೇ ಆಯಿತು ಅಂತ ಅಂದಿತಾ? ನೀನು ಅಡುಗೆಮನೆಯಲ್ಲಿ ಒದೆ ತಿಂದ ಮಾತ್ರಕ್ಕೆ ಅವಳೂ ತಿಂದಳು ಅಂತ ಆಯಿತೇ?"

ಉಳವಯ್ಯನಿಗೆ ರೋಸಿಹೋಯಿತು. "ಹಾಗಾದರೆ ನೀವೇ ಹೇಳಿಬಿಡಿ ಬುದ್ಧಿ! ಹೌದು ಅಂದರೆ ಬೈತೀರಿ, ಅಲ್ಲ ಅಂದರೂ ಬೈತೀರಿ. ನಾನು ಏನಂತ ಹೇಳಲಿ ಚಾವಡಿಯಲ್ಲಿ?"

"ಸತ್ತವನ ಮೈಮೇಲಿನ ಗಾಯ ಮುಟ್ಟಿ ಮುಟ್ಟಿ ನೋಡಿದೆ. ಬದುಕಿದವಳದ್ದು?"

ಉಳವಯ್ಯ ಕಣ್ಣಿನ ಬೂದಿ ಒರೆಸಿಕೊಂಡ.

"ಅವಳಿಗೆ ಗಾಯ ಆಗಿದೆ ಅಂತ ಯಾರೂ ಹೇಳಲಿಲ್ಲ ಬುದ್ಧಿ."

"ನೀನು ಕೇಳಿದೆಯಾ?"

"ಇಲ್ಲ."

"ವೈದ್ಯ?"

"ಅವರನ್ನು ಕರೆಸಿದ್ದು ಹೆಣ ನೋಡೋಕೆ."

ಗುರುಗಳು ಬೈಯದೆ ಕೋಲಿನ ಮಸಿಬಟ್ಟೆ ಬಿಚ್ಚತೊಡಗಿದರು. ಬೈಗುಳವಾದರೂ ವಾಸಿಯಿತ್ತು ಅನ್ನಿಸಿತು ಉಳವಯ್ಯನಿಗೆ.

"ಚರ್ಮ ನಿನ್ನ ಹಾಗೆ ಬಾಯಿಪಾಠ ಮಾಡಿ ಇಟ್ಟುಕೊಳ್ಳುವುದಿಲ್ಲ ಕಣೋ. ಮಾಸಿಹೋಗುತ್ತದೆ. ಎಷ್ಟು ಮಾಸಿದೆಯೋ ಏನೋ. ಓಡು! ದಾರಿಯಲ್ಲಿ ಆ ಕೊಟ್ರಪ್ಪ ಸಿಕ್ಕಿದರೆ ಮಾತಿನ ನಡುವೆ ತಡೆದು ಏನಾದರೂ ಕೇಳು."

ಹರಿಗೋಲಿನಲ್ಲಿ ಕೂತಷ್ಟು ಹೊತ್ತೂ ಉಳವಯ್ಯ ಅಂಬಿಗನನ್ನು ಅವಸರ ಮಾಡಿ ಅವನ ಕೈಲೂ ಬೈಸಿಕೊಂಡ.

ಕೊಟ್ರಪ್ಪ ಗಾಣದ ಹತ್ತಿರವೇ ಇದ್ದ. ಕೇಳಿದ ಕೂಡಲೇ ಕೈಕಟ್ಟಿ ಶುರುಮಾಡಿದ. "ಅಣ್ಣ ನೀರು ಕೇಳಿದ. ಅತ್ತಿಗೆ ಕೊಡಲಿಲ್ಲ. ಅಣ್ಣ ಹೋಗಲಿ ಬಿಡು ಅಂತ ತಿರುಗಿದ. ಅತ್ತಿಗೆ ಕೊಳವೆ ತಗೊಂಡು ಹಿಂದಿನಿಂದ..."

"ನಿಲ್ಲು. ಆಗ ನೀನು ಎಲ್ಲಿ ನಿಂತಿದ್ದೆ?"

ಕೊಟ್ರಪ್ಪ ಕಣ್ಣು ಪಿಳಿಪಿಳಿ ಬಿಟ್ಟ. "ಅಣ್ಣ ನೀರು ಕೇಳಿದ. ಅತ್ತಿಗೆ ಕೊಡಲಿಲ್ಲ. ಅಣ್ಣ ಹೋಗಲಿ ಬಿಡು ಅಂತ..."

"ಅದಾಯಿತು. ಒಲೆಯ ಮೇಲೆ ಏನಿತ್ತು?"

"ಅಣ್ಣ ನೀರು ಕೇಳಿದ" ಎಂದ ಕೊಟ್ರಪ್ಪ, ಬೆವರುತ್ತ.

ಉಳವಯ್ಯನಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತಿತ್ತು. ಮಠದಲ್ಲಿ ಹೊಸಬರಿಗೆಲ್ಲ ಬರುತ್ತದೆ. ನಡುವೆ ಎಳೆ ತಪ್ಪಿದರೆ ಮೊದಲಿಂದ ಓಡಿಕೊಂಡು ಬರಬೇಕು, ಬೇರೆ ದಾರಿಯಿಲ್ಲ. ನೋಡಿದವನಿಗೆ ಎಲ್ಲಿಂದ ಕೇಳಿದರೂ ಹೇಳೋಕೆ ಬರುತ್ತಿತ್ತು.

"ಯಾರಪ್ಪಾ ಕಲಿಸಿದರು?" ಎಂದ, ಮೆತ್ತಗೆ.

ಕೊಟ್ರಪ್ಪ ತಲೆ ತಗ್ಗಿಸಿದ. "ಮನೇಲಿ ಹಿರಿಯರೆಲ್ಲ ಕೂತು... ಹೀಗೆ ಹೇಳು ಅಂದರು. ನಾನು ಇಲ್ಲೇ ಎತ್ತು ಕಟ್ಟುತ್ತಿದ್ದೆ ಬುದ್ಧಿ. ಸದ್ದು ಕೇಳಿ ಹೋದೆ. ಹೋಗೋ ಹೊತ್ತಿಗೆ ಅಣ್ಣ ಬಿದ್ದಿದ್ದ."

ಉಳವಯ್ಯ ಅಲ್ಲೇ ನಿಂತು ನೋಡಿದ. ಗಾಣಕ್ಕೂ ಅಡುಗೆಕೋಣೆಗೂ ನಡುವೆ ಕಿಟಕಿಯಿಲ್ಲದ ಮಣ್ಣಿನ ಗೋಡೆ. ಮೊದಲ ಸಲ ಬಂದಾಗಲೂ ಅದು ಅಲ್ಲೇ ಇತ್ತು. ಆಗ ಅವನು ಕೊಟ್ರಪ್ಪನ ಉಚ್ಚಾರಣೆ ಮೆಚ್ಚುತ್ತ ನಿಂತಿದ್ದ.

ನೀಲವ್ವನನ್ನು ಚಾವಡಿಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಉಳವಯ್ಯ ವೈದ್ಯರನ್ನೂ ಎಳೆದುಕೊಂಡೇ ಹೋದ. ಅವಳು ಸೆರಗು ಹೊದ್ದು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ತಾಯಿ, ಅವತ್ತು ನಿಮಗೆ ಎಲ್ಲಾದರೂ ಪೆಟ್ಟಾಯಿತೇ?"

ಅವಳು ತಿರುಗಿದಳು. "ನನಗಾ?"

"ನಿಮಗೇ."

ಯಾರನ್ನೋ ಕೇಳುತ್ತಿದ್ದಾರೆ ಎಂಬಂತೆ ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗು ತೆಗೆದಳು.

ಕುತ್ತಿಗೆಯ ಎರಡು ಬದಿಗೂ ಬೆರಳಿನ ಗುರುತು. ಕಪ್ಪು ಹೋಗಿ ಹಳದಿಗೆ ತಿರುಗಿದ್ದವು. ನೆತ್ತಿಯ ಹಿಂದೆ ಒಂದು ಹಿಡಿ ಕೂದಲು ಬುಡಸಮೇತ ಕಿತ್ತುಬಂದು ಹಕ್ಕಳೆ ಕಟ್ಟಿತ್ತು. ಕುತ್ತಿಗೆ, ಕೂದಲು, ಎರಡೂ ನಿಜವಾಗಿದ್ದವು. ವೈದ್ಯರು ಬೆಳಕಿಗೆ ತಿರುಗಿಸಿ ನೋಡಿದರು. ತನ್ನ ಕೈಯಿಂದ ತಾನೇ ಹೀಗೆ ಹಿಡಿದುಕೊಳ್ಳೋಕೆ ಆಗುವುದಿಲ್ಲ, ಹೆಬ್ಬೆರಳು ಬಿದ್ದ ಕಡೆಯೇ ಬೇರೆ ಎಂದರು. ಇನ್ನೊಂದೆರಡು ದಿನ ಕಳೆದಿದ್ದರೆ ಏನೂ ಕಾಣುತ್ತಿರಲಿಲ್ಲ ಎಂದೂ ಹೇಳಿ, ಮುಖ ಆಚೆ ಮಾಡಿದರು.

ಅವಳ ಎಡಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಿತ್ತು.

"ಇದೂ ಅವತ್ತಿನದೇ?"

"ಇಲ್ಲ ಬುದ್ಧಿ. ಇದು ಮಗಳು ಹೊಟ್ಟೇಲಿದ್ದಾಗಿಂದು."

"ಈ ಸುಟ್ಟ ಕಲೆ?"

"ಅದು ಇನ್ನೂ ಹಿಂದಿಂದು."

ಆಮೇಲೆ ಅವಳೇ ಹೇಳಿದಳು. "ಸಾಯಲಿ ಅಂತ ಹೊಡೀಲಿಲ್ಲ ಬುದ್ಧಿ. ಉಸಿರು ಸಿಗಲಿಲ್ಲ. ಅಷ್ಟೇ ನನಗೆ ನೆನಪಿರೋದು."

ಮರುದಿನ ಚಾವಡಿ ಕಿಕ್ಕಿರಿದಿತ್ತು. ಉಳವಯ್ಯ ಎದ್ದು ನಿಂತ. ದೊಡ್ಡ ಮಾತು ಒಂದೂ ಆಡಲಿಲ್ಲ.

"ಸತ್ತವನ ಗಾಯ ಇವಳು ಹೇಳಿದ ಹಾಗೂ ಆಗಿರಬಹುದು, ಬೇರೆ ಥರವೂ ಆಗಿರಬಹುದು. ನೋಡಿದೆ ಅಂದವನು ನೋಡಿಲ್ಲ, ಅವನೇ ಇಲ್ಲಿದ್ದಾನೆ, ಕೇಳಿ. ಇವಳ ಕುತ್ತಿಗೆ ಹಿಸುಕಿದ ಗುರುತನ್ನು ವೈದ್ಯರು ನೋಡಿದ್ದಾರೆ. ಆ ಗುರುತು ಇವಳ ಮಾತಿನ ಪಕ್ಕ ನಿಲ್ಲುತ್ತದೆ. ಇವಳ ವಿರುದ್ಧ ನಿಲ್ಲುವಂಥದ್ದು ನನಗೆ ಒಂದೂ ಸಿಗಲಿಲ್ಲ. ಇದು ಮಠದ ಮಾತು."

ನಾಡಗೌಡರು ಕೊಟ್ರಪ್ಪನನ್ನು ಕೇಳಿದರು, ವೈದ್ಯರನ್ನು ಕೇಳಿದರು. ಬಿಸಿಲು ಇಳಿಯುವ ಮೊದಲೇ ನೀಲವ್ವನನ್ನು ಬಿಟ್ಟರು. ಅವಳು ಯಾರ ಮುಖವನ್ನೂ ನೋಡದೆ ಮಗಳ ಕೈ ಹಿಡಿದು ಹೊರಟಳು.

ಉಳವಯ್ಯನಿಗೆ ಜೀವ ಹಗುರಾಗಬೇಕಿತ್ತು. ಆದರೆ ಮಠಕ್ಕೆ ಬಂದವನ ಮುಖ ಧುಮುಗುಡುತ್ತಿತ್ತು. ಗುರುಗಳು ಹೊಳೆಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದರು.

"ಬಿಟ್ಟರೇನೋ?"

"ಬಿಟ್ಟರು ಬುದ್ಧಿ."

"ಮತ್ತೆ ಯಾಕೆ ಮೋರೆ ಹಾಗಿದೆ?"

ಉಳವಯ್ಯ ತಡೆಯಲಾರದೆ ಕೂಗಿಬಿಟ್ಟ. "ಆ ಕೇರಿ ಜನ ಬುದ್ಧಿ! ಅವಳು ಆಚೆ ಬಂದಳೋ ಇಲ್ಲವೋ, ಲೊಚಗುಟ್ಟೋಕೆ ಶುರುಮಾಡಿದರು. 'ಪಾಪ, ಮದುವೆಯಾದಾಗಿಂದ ಇದೇ ಗೋಳು. ದಿನಾ ಕೇಳಿಸ್ತಿತ್ತು ನಮಗೆ' ಅಂತಾರೆ. 'ಕೈ ಮುರಿದದ್ದೂ ಗೊತ್ತು' ಅಂತಾರೆ! ಎಲ್ಲರಿಗೂ ಗೊತ್ತಿತ್ತು! ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ನಾಡಗೌಡರು ಇದ್ದರು, ವೈದ್ಯರು ಇದ್ದರು, ನಾವಿದ್ದೆವು. ಇಷ್ಟು ವರ್ಷ ಒಬ್ಬರಾದರೂ ಹೋಗಿ ಏನಮ್ಮಾ ಅಂತ ಯಾಕೆ ಕೇಳಲಿಲ್ಲ ಬುದ್ಧಿ?"

ಗುರುಗಳು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಯಾಕೆ ಕೇಳ್ತಾರೋ? ಆಗಿನ್ನೂ ಯಾರೂ ಸತ್ತಿರಲಿಲ್ಲವಲ್ಲ."