ನೀಲಾಂಜಿಯ ಬರಿಮಣೆ

ದೀಪದ ಸುತ್ತ ಕುಳಿತ ತಾಯಂದಿರೇ, ಮಕ್ಕಳೇ, ಕೈಯಲ್ಲಿ ಅಕ್ಷತೆ ಹಿಡಿದು ಬರಿಮಣೆ ವ್ರತದ ಕಥೆಯನ್ನು ಕೇಳುವವರಾಗಿ.

ಪೂರ್ವದಲ್ಲಿ ಶಬ್ದಗಿರಿ ಎಂಬ ನಾಡಿತ್ತು. ಅಲ್ಲಿ ಮಂತ್ರದಿಂದಲೇ ದೀಪ ಹೊತ್ತುತ್ತಿತ್ತು, ಮಂತ್ರದಿಂದಲೇ ಬಾವಿಯ ನೀರು ಕೊಡಕ್ಕೆ ಏರುತ್ತಿತ್ತು. ಆದರೆ ಅಗಲಿದವರ ಹೆಸರಿನಲ್ಲಿ ಯಾರೂ ಕೂರದ ಬರಿಮಣೆ ಹಾಕುವ ದಿನ ಮಾತ್ರ ಯಾರೂ ಮಂತ್ರ ಮುಟ್ಟುತ್ತಿರಲಿಲ್ಲ. ಆ ನಾಡಿನ ಮಂತ್ರಶಾಲೆಯಲ್ಲಿ ವರದಾಂಬೆ ಎಂಬವಳು ಪಾಠ ಹೇಳುತ್ತಿದ್ದಳು. ದಿನವೂ ಒಬ್ಬೊಬ್ಬರ ಹೆಸರು ಕರೆದು, ಒಬ್ಬೊಬ್ಬರೂ "ಬಂದೆ ಓಜಮ್ಮ" ಎಂದ ಮೇಲೆಯೇ ಅವಳು ಪಾಠಕ್ಕೆ ತೊಡಗುವಳು.

ಹೀಗಿರಲು ರಾಣಿ ಕನಕಮಂಜರಿಗೆ ತನ್ನ ಹುಟ್ಟುಹಬ್ಬದಂದು ಮುಗಿಲ ಸೇತುವೆಯ ಮೇಲೆ ಮೆರೆಯುವ ಆಸೆಯಾಗಿ, ಅದನ್ನು ಕಟ್ಟಲು ಶಾಲೆಯ ಮಕ್ಕಳನ್ನು ಕಳಿಸೆಂದು ಅಪ್ಪಣೆಯಾಯಿತು. "ಅವರಿಗೆ ಅರ್ಧ ಮಂತ್ರ ಮಾತ್ರ ಬರುತ್ತದೆ, ಒಂದು ವರ್ಷ ತಡೆಯಿರಿ" ಎಂದು ವರದಾಂಬೆ ಬೇಡಿದರೆ, "ಹುಟ್ಟುಹಬ್ಬ ತಡೆಯುತ್ತದೆಯೇ?" ಎಂದು ರಾಣಿ ನಕ್ಕಳು. ಸೇತುವೆ ಮುರಿಯಿತು. ಎಂಟು ವರ್ಷದ ನೀಲಾಂಜಿ ಹೊಳೆಗೆ ಬಿದ್ದು ತೀರಿಹೋದಳು.

ಜನ ಕಾರಣ ಕೇಳಿಯಾರೆಂದು ಹೆದರಿದ ರಾಣಿ ಬರಿಮಣೆ ಹಾಕಗೊಡದೆ, ಮಗು ಶಾಲೆಯಲ್ಲೇ ಉಳಿದು ದೊಡ್ಡ ಮಂತ್ರ ಕಲಿಯುತ್ತಿದೆಯೆಂದು ಸಾರಿಸಿ, ಶಾಲೆಯ ಗೋಡೆಗೆ ಮಂತ್ರ ಹಾಕಿಸಿದಳು. ಮರುದಿನ ವರದಾಂಬೆ ಅಭ್ಯಾಸಬಲದಿಂದ ನೀಲಾಂಜಿಯ ಹೆಸರನ್ನೂ ಕರೆಯಲು, ಗೋಡೆಯೊಳಗಿಂದ ಅದೇ ದನಿ "ಬಂದೆ ಓಜಮ್ಮ" ಎಂದಿತು. ಬಾಗಿಲಾಚೆ ಮಗುವಿನ ತಾಯಿ ಆ ದನಿ ಕೇಳಿ ಹಿಗ್ಗಿ, ಬುತ್ತಿ ಹಿಡಿದು ಸಂಜೆಯವರೆಗೂ ಕಾದು, ಆರಿದ ಬುತ್ತಿಯೊಡನೆ ಹಿಂದಿರುಗಿದಳು. ಅಂದಿನಿಂದ ವರದಾಂಬೆ ಕರೆಯದಿದ್ದರೂ ಗೋಡೆ ದಿನವೂ ಓಗೊಟ್ಟಿತು, ತಾಯಿ ದಿನವೂ ಬುತ್ತಿ ತಂದಳು. ಹೀಗೆ ಒಂಬತ್ತು ದಿನ.

ಹತ್ತನೆಯ ದಿನ ವರದಾಂಬೆ ಆ ತಾಯಿಯ ಕೈಹಿಡಿದು ನಿಜ ಹೇಳಿ, ನೇರ ಅರಮನೆಗೆ ಹೋಗಿ, "ಓಗೊಡಲು ಗೋಡೆ ಸಾಕು ತಾಯಿ, ಬುತ್ತಿ ಉಣ್ಣಲು ಬಾಯಿ ಎಲ್ಲಿಂದ ತರುತ್ತೀರಿ?" ಎಂದಳು. ರಾಣಿ ಅವಳನ್ನು ಗಡಿಯಾಚೆ ಅಟ್ಟಿಸಿದಳು.

ಆದರೆ ಸುಳ್ಳು ಕಲಿತ ಗೋಡೆ ಸುಮ್ಮನಿರುವುದೇ? ಶಾಲೆಯಿಂದ ಮನೆಗೆ, ಮನೆಯಿಂದ ಅರಮನೆಗೆ ಆ ಮಂತ್ರ ಹಬ್ಬಿತು. ಒಂದು ದಿನ ಆಡಹೋದ ರಾಜಕುಮಾರ ಚಿತ್ರಕೇತು ಕಾಣದಾಗಲು, ರಾಣಿ ಕೂಗಿದಳು. ಕಂಬ, ಗೋಡೆ, ಬಾವಿ ಎಲ್ಲವೂ ಅವನ ದನಿಯಲ್ಲಿ "ಬಂದೆ ಅಮ್ಮ" ಎಂದವು. ಯಾವುದು ಮಗ, ಯಾವುದು ಕಲ್ಲು ಎಂದು ತಿಳಿಯದೆ ಮೂರು ದಿನ ಹುಡುಕಿ, ಕೊನೆಗೆ ಬರಿಗಾಲಲ್ಲಿ ಗಡಿ ದಾಟಿ ವರದಾಂಬೆಯ ಗುಡಿಸಲಿಗೆ ಬಂದಳು.

ವರದಾಂಬೆ ಎದ್ದು ನಿಲ್ಲಲಿಲ್ಲ. "ನಿಮಗೆ ಮೂರು ದಿನ. ಆ ತಾಯಿಗೆ ಒಂಬತ್ತು" ಎಂದಳು. ಆದರೂ ಹುಡುಗನದೇನು ತಪ್ಪೆಂದು ವ್ರತದ ಕ್ರಮ ಹೇಳಿಕೊಟ್ಟಳು.

ಅದರಂತೆ ರಾಣಿ ತನ್ನ ಕೈಯಿಂದಲೇ ನೆಲ ಸಾರಿಸಿ, ಬತ್ತಿ ಹೊಸೆದು, ಒಲೆಯ ಕೆಂಡದಿಂದ ದೀಪ ಹಚ್ಚಿ, ಬರಿಮಣೆಯ ಮುಂದೆ ಎಲೆಯಿಟ್ಟು ಬಡಿಸಿ, ನೀಲಾಂಜಿಯ ತಾಯಿಯ ಎದುರು ಮೂರು ಸಲ ಹೆಸರು ಕರೆದು, "ಈ ಮಗು ಇಲ್ಲ, ದೈವೇಚ್ಛೆ" ಎಂದಳು. ದೀಪ ಆರಿತು. ಮತ್ತೆ ಹಚ್ಚಿ, ಮತ್ತೆ ಕರೆದು, ತಲೆ ತಗ್ಗಿಸಿ, "ಈ ಮಗು ಇಲ್ಲ. ನನ್ನಿಂದ ಇಲ್ಲ" ಎಂದಳು. ದೀಪ ಆರದೆ ನಿಂತಿತು. ನಾಡಿನ ಗೋಡೆಗಳೆಲ್ಲ ಮೂಕವಾದವು. ಆಗ ಅರಮನೆಯ ಕಣಜದ ಹಿಂದಿನ ಇಕ್ಕಟ್ಟು ಸಂದಿಯಿಂದ ಒಂದೇ ಒಂದು ದನಿ, ಅತ್ತು ಒಡೆದ ದನಿ, "ಅಮ್ಮ" ಎಂದಿತು.

ವರದಾಂಬೆ ಶಾಲೆಗೆ ಮರಳಿದಳು. ನೀಲಾಂಜಿ ಮರಳಲಿಲ್ಲ. ಅವಳ ತಾಯಿ ರಾಣಿಯನ್ನು ಕ್ಷಮಿಸಲಿಲ್ಲ, ಕ್ಷಮಿಸಬೇಕೆಂದು ಈ ವ್ರತದ ವಿಧಿಯಲ್ಲಿ ಎಲ್ಲಿಯೂ ಇಲ್ಲ.

ಈ ಕಥೆ ಹೇಳಿದವರ, ಕೇಳಿದವರ ಮನೆಯಲ್ಲಿ ಕರೆದ ಮಗು ಓಗೊಡುವುದು. ಓಗೊಡದ ಮಗುವಿನ ಹೆಸರು ಅಳಿಯದು. ಈಗ ಅಕ್ಷತೆಯನ್ನು ಬರಿಮಣೆಯ ಮೇಲೆ ಹಾಕಿ. ಸ್ವಲ್ಪ ಹೊತ್ತು ಯಾರೂ ಮಾತಾಡಬೇಡಿ.