ಗುಮ್ಮಟದ ಮರದ ಹೆಂಚು

ಕೇಳಿ ಕೇಳಿ, ನೀವು ನಂಬಲ್ಲ, ಈಗಷ್ಟೇ ಆಯ್ತು, ನನಗೇ ಆಯ್ತು!

ನಾನು ಗುಬ್ಬಿ. ದೂರದ ಚಳಿ ದೇಶದಲ್ಲಿ ನಮ್ಮೂರು. ಊರ ನಡುವೆ ಮರದ ಚರ್ಚು. ಗೋಡೇನೂ ಮರ. ಈರುಳ್ಳಿ ಥರದ ಗುಮ್ಮಟಾನೂ ಮರ. ಅದರ ಮೈ ತುಂಬ ಮೀನಿನ ಹುರುಪೆ ಥರ ಮರದ ಹೆಂಚು. ಒಳಗೆ, ಗಂಟೆ ತೂಗೋ ತೊಲೆ ಮೇಲೆ, ನಮ್ಮ ಗೂಡು. ಗೂಡಲ್ಲಿ ನನ್ನ ತಂಗಿ. ಹುಟ್ಟಿದ್ದು ನಿನ್ನೆ. ಮೈಮೇಲೆ ಒಂದು ಪುಕ್ಕಾನೂ ಇಲ್ಲ.

ಇವತ್ತು ಬೆಳಿಗ್ಗೆ ಗಾಳಿ ಬೀಸ್ತು. ಒಂದು ಹೆಂಚು ಹಾರಿಹೋಯ್ತು. ನೋಡ್ತೀನಿ, ತಂಗಿ ತಲೆ ಮೇಲೆ ಆಕಾಶ. ಆಕಾಶದ ತುಂಬ ಕರೀ ಮೋಡ.

ಬಡಗಿ ತಿಮೊಫೇಯ್ ಮಾಮನ ಹತ್ರ ಹಾರಿದೆ.
"ಮಾಮ ಮಾಮ, ಹೆಂಚು ಮಾಡ್ಕೊಡು. ಹೆಂಚಿದ್ರೆ ತಂಗಿ ನೆನೆಯಲ್ಲ."
"ಕೊಡಲಿ ಮೊಂಡಾಗಿದೆ ಕಣೋ."
"ಗರಗಸ ಇದೆಯಲ್ಲ?"
"ಗರಗಸದಲ್ಲಿ ಕೊಯ್ದ ಮರ ನೀರು ಕುಡಿಯತ್ತೆ. ಕೊಡಲೀಲಿ ಕಡಿದಿದ್ದು ಕುಡಿಯಲ್ಲ. ನಮ್ಮ ಮುತ್ತಜ್ಜ ಈ ಚರ್ಚು ಪೂರ್ತಿ ಕೊಡಲೀಲೇ ಕಟ್ಟಿದ್ದು. ಹೋಗು, ಯೆಫೀಮ್ ತಾತನ್ನ ಕೇಳು."

ಸಾಣೆ ಹಿಡಿಯೋ ಯೆಫೀಮ್ ತಾತನ ಹತ್ರ ಹಾರಿದೆ.
"ತಾತ ತಾತ, ಸಾಣೆ ಹಿಡಿ. ಸಾಣೆ ಹಿಡಿದ್ರೆ ಕೊಡಲಿ ಹರಿತ. ಕೊಡಲಿ ಹರಿತ ಆದ್ರೆ ಹೆಂಚು. ಹೆಂಚಿದ್ರೆ ತಂಗಿ ನೆನೆಯಲ್ಲ."
"ಸಾಣೆ ಕಲ್ಲು ಒಣಗಿದೆ. ನೀರು ಬೇಕು."
"ನಾನು ತರ್ತೀನಿ."
"ನಿನ್ನ ಕೊಕ್ಕಲ್ಲಾ? ಇರುವೆಗೆ ಸ್ನಾನ ಮಾಡಿಸೋಕೂ ಸಾಲಲ್ಲ. ಮಾರ್ಫಾನ ಕೇಳು."

ಬಾವಿ ಕಟ್ಟೆ ಮೇಲೆ ಮಾರ್ಫಾ ಅತ್ತೆ, ಖಾಲಿ ಬಿಂದಿಗೆ ಇಟ್ಕೊಂಡು ಕೂತಿದ್ಲು.
"ಅತ್ತೆ ಅತ್ತೆ, ನೀರು ಸೇದು. ನೀರಿದ್ರೆ ಸಾಣೆ. ಸಾಣೆ ಹಿಡಿದ್ರೆ ಕೊಡಲಿ ಹರಿತ. ಕೊಡಲಿ ಹರಿತ ಆದ್ರೆ ಹೆಂಚು. ಹೆಂಚಿದ್ರೆ ತಂಗಿ ನೆನೆಯಲ್ಲ."
"ಬೆಳಗಿನ ಗಂಟೆ ಆಗದೆ ನಮ್ಮೂರಲ್ಲಿ ಯಾರಾದ್ರೂ ನೀರು ಸೇದ್ತಾರಾ? ನಾನೂ ಕಾಯ್ತಾನೇ ಇದೀನಿ. ಅಗಾಫ್ಯಾ ಅಜ್ಜಿಗೆ ಏನಾಯ್ತೋ, ಹೋಗಿ ನೋಡು."

ಗಂಟೆ ಹೊಡೆಯೋ ಅಗಾಫ್ಯಾ ಅಜ್ಜಿ ಹಗ್ಗ ಹಿಡ್ಕೊಂಡು ಸುಮ್ನೆ ನಿಂತಿದ್ಲು.
"ಅಜ್ಜಿ ಅಜ್ಜಿ, ಗಂಟೆ ಹೊಡಿ. ಗಂಟೆ ಆದ್ರೆ ನೀರು. ನೀರಿದ್ರೆ ಸಾಣೆ. ಸಾಣೆ ಹಿಡಿದ್ರೆ ಕೊಡಲಿ ಹರಿತ. ಕೊಡಲಿ ಹರಿತ ಆದ್ರೆ ಹೆಂಚು. ಹೆಂಚಿದ್ರೆ ತಂಗಿ ನೆನೆಯಲ್ಲ."
"ಹೆಂಗೆ ಹೊಡೀಲಪ್ಪ? ತೊಲೆ ಮೇಲೆ ಯಾವುದೋ ಮರಿ ಚಿಂವ್ ಅಂತಿದೆ. ತೊಲೆ ಅದುರಿ ಅದು ಬಿದ್ದುಗಿದ್ದು ಹೋದ್ರೆ?"

ಅದು ನನ್ನ ತಂಗಿ.

ಗಂಟೆ ಹೊಡೆದ್ರೆ ತಂಗಿ ಬೀಳಬಹುದು. ಹೊಡೀದಿದ್ರೆ ತಂಗಿ ನೆನೀತಾಳೆ. ಯೋಚ್ನೆ ಮಾಡ್ದೆ. ಯೋಚ್ನೆ ಮಾಡ್ದೆ. ಟಪ್ ಅಂತ ಒಂದು ಹನಿ ನನ್ನ ಕೊಕ್ಕಿನ ಮೇಲೆ ಬಿತ್ತು.

ಮೇಲಕ್ಕೆ ಹಾರಿದೆ. ಕಾಲಲ್ಲಿ ಗೂಡು ಬಿಗಿಯಾಗಿ ಹಿಡಿದೆ. ಎರಡೂ ರೆಕ್ಕೇಲಿ ತಂಗೀನ ಅವಚಿಕೊಂಡೆ.
"ಹೊಡಿ ಅಜ್ಜಿ. ಮೆಲ್ಲಗೆ."

ಢಣ್.

ತೊಲೆ ಅದುರ್ತು. ಗೂಡು ಅದುರ್ತು. ತಂಗಿ ಕಿರುಚಿದ್ಲು. ಬೀಳಲಿಲ್ಲ.

ಗಂಟೆ ಆಯ್ತು, ಅತ್ತೆ ನೀರು ಸೇದಿದ್ಲು. ನೀರು ಬಂತು, ತಾತ ಸಾಣೆ ಹಿಡಿದ. ಸಾಣೆ ಆಯ್ತು, ಕೊಡಲಿ ಹರಿತ ಆಯ್ತು. ಕೊಡಲಿ ಹರಿತ ಆಯ್ತು, ಮಾಮ ಹೆಂಚು ಕಡಿದ. ಗುಮ್ಮಟ ಹತ್ತಿ ಕೂರಿಸಿದ. ಹಳೇ ಹೆಂಚೆಲ್ಲ ಬೂದಿ ಬಣ್ಣ, ಇದೊಂದು ಬೆಣ್ಣೆ ಬಣ್ಣ.

ಈಗ ಹೊರಗೆ ಧೋ ಅಂತ ಮಳೆ. ತಂಗಿ ನೆನೆದಿಲ್ಲ. ಆದ್ರೆ ಗಂಟೆಗೆ ಹೆದರಿ ಇನ್ನೂ ನಡುಗ್ತಿದಾಳೆ. ಮಾತಾಡಿಸಿದ್ರೆ ಕೊಕ್ಕು ಆ ಕಡೆ ತಿರುಗಿಸ್ತಾಳೆ.

ನೀವೇ ಹೇಳಿ. ನೀವಾಗಿದ್ರೆ ಏನ್ ಮಾಡ್ತಿದ್ರಿ?